ಹೊಳಪೂ ಹೊಣೆಯೂ

ಮನುಷ್ಯನು ತನ್ನ ವಸ್ತುಗಳ ಹೊಳಪನ್ನು ಕಾಪಾಡಿಕೊಳ್ಳಲು ಪಡುವ ಶ್ರಮವನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ? 'ಹೊರಗೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ನಾವು ಚಿಕ್ಕ ತರಗತಿಗಳಲ್ಲಿಯೇ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಮಕ್ಕಳನ್ನು ಕರೆದು, ಶಾಲೆಯ ಹಿತ್ತಾಳೆಯ ಗಂಟೆಯನ್ನು ಹುಣಿಸೆಹಣ್ಣು ಹಚ್ಚಿ ಫಳಫಳನೆ ಹೊಳೆಯುವಂತೆ ತಿಕ್ಕಿರೆಂದೂ ಹೇಳುತ್ತೇವೆ. ಥಳಕನ್ನು ನಂಬಬೇಡವೆನ್ನುವವರೂ ನಾವೇ, ಥಳಥಳಿಸುವಂತೆ ಇಟ್ಟುಕೊಳ್ಳೆನ್ನುವವರೂ ನಾವೇ. ಈ ಎರಡು ಉಪದೇಶಗಳೂ ಒಂದೇ ಬಾಯಿಂದ ಬರುವಾಗ, ಇವುಗಳ ನಡುವಣ ಗೆರೆ ಎಲ್ಲಿದೆ ಎಂಬುದನ್ನು ಉಪದೇಶಿಸುವವರು ಒಮ್ಮೆಯಾದರೂ ವಿಚಾರಿಸಿ ನೋಡಬೇಕಾಗುತ್ತದೆ.

ಈ ವಿಚಾರಕ್ಕೆ ನಾವು ದೂರದ ಒಂದು ದೃಷ್ಟಾಂತವನ್ನು ಆರಿಸಿಕೊಂಡಿದ್ದೇವೆ. ಹಿಮ ಬೀಳುವ ದೇಶಗಳಲ್ಲಿ ಮೋಟಾರು ಇಟ್ಟುಕೊಂಡವರು, ತಮ್ಮ ಗಾಡಿಯ ಕ್ರೋಮ್ ಲೇಪದ ಚಕ್ರಗಳನ್ನು ಚಳಿಗಾಲದ ರಸ್ತೆಯ ಉಪ್ಪಿನಿಂದ ಕಾಯ್ದುಕೊಳ್ಳಲು ಬಹಳ ಹೆಣಗುತ್ತಾರೆ. ನಮ್ಮ ವಾಚಕರಲ್ಲಿ ಹೆಚ್ಚಿನವರು ಹಿಮವನ್ನು ಪಾಠದಲ್ಲಿ ಓದಿರುವರೇ ಹೊರತು ಕಣ್ಣಿನಿಂದ ಕಂಡಿರಲಾರರು. ರಸ್ತೆಗೆ ಉಪ್ಪು ಸುರಿಯುವರೆಂದರೆ ಮಕ್ಕಳು ನಕ್ಕಾರು. ಆದರೂ ಲೋಹ ಮತ್ತು ಉಪ್ಪುಗಳ ಸ್ವಭಾವ ಎಲ್ಲೆಡೆಯೂ ಒಂದೇ. ಮನುಷ್ಯನ ಸ್ವಭಾವವೂ ಬಹುಮಟ್ಟಿಗೆ ಒಂದೇ. ದೂರದ ಕನ್ನಡಿಯಲ್ಲಿ ಕೆಲವೊಮ್ಮೆ ನಮ್ಮ ಮುಖ ಹೆಚ್ಚು ಸ್ಪಷ್ಟವಾಗಿ ಕಾಣುವುದುಂಟು.

ಮೊದಲು ಉಪ್ಪಿನ ಕಾರ್ಯವನ್ನು ತಿಳಿಯೋಣ. ಶುದ್ಧ ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಅಷ್ಟು ಬೇಗ ಹೆಪ್ಪುಗಟ್ಟದು. ನೂರು ಪಾಲು ದ್ರಾವಣದಲ್ಲಿ ಸುಮಾರು 23 ಪಾಲು ಉಪ್ಪಿದ್ದರೆ, ಸೊನ್ನೆಗಿಂತ 21 ಡಿಗ್ರಿ ಕೆಳಗಿಳಿಯುವ ತನಕವೂ ಅದು ನೀರಾಗಿಯೇ ಉಳಿಯುತ್ತದೆ. ಈ ಗುಣವನ್ನು ಬಳಸಿಕೊಂಡು ರಸ್ತೆಯ ಮಂಜುಗಡ್ಡೆಯನ್ನು ಕರಗಿಸುವ ಪ್ರಯೋಗವನ್ನು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು 1938ರಲ್ಲಿ ಕೈಗೊಂಡಿತು. ಎರಡನೆಯ ಮಹಾಯುದ್ಧದ ತರುವಾಯ ಈ ಪದ್ಧತಿ ದೇಶದುದ್ದಗಲಕ್ಕೂ ಹರಡಿತು. ಈಗ ಆ ಒಂದು ದೇಶದಲ್ಲಿಯೇ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ರಸ್ತೆಗೆ ಬೀಳುತ್ತದೆಂದು ಅಂದಾಜು. ಇದನ್ನು ಹುಚ್ಚುತನವೆಂದು ನಗುವುದು ತರವಲ್ಲ. ಮಂಜುಗಡ್ಡೆಯ ಮೇಲೆ ಜಾರಿದ ಗಾಡಿ ಯಾರ ಹತೋಟಿಗೂ ಸಿಕ್ಕದು. ಆಸ್ಪತ್ರೆಗೆ ಧಾವಿಸುವ ವಾಹನವೂ ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ಬಸ್ಸೂ ಅದೇ ರಸ್ತೆಯಲ್ಲಿ ಸಾಗಬೇಕು. ಅಲ್ಲಿ ಉಪ್ಪು ಜೀವ ಉಳಿಸುವ ವಸ್ತು.

ಆದರೆ ಜೀವ ಉಳಿಸುವ ಆ ಉಪ್ಪೇ ಲೋಹಕ್ಕೆ ವೈರಿ. ಕ್ರೋಮ್ ಚಕ್ರವೆಂದರೆ ಪೂರ್ತಿ ಕ್ರೋಮಿಯಮ್ಮಿನಿಂದ ಎರಕ ಹೊಯ್ದ ಚಕ್ರವಲ್ಲ. ಒಳಗಿರುವುದು ಉಕ್ಕು ಅಥವಾ ಅಲ್ಯುಮಿನಿಯಮ್. ಅದರ ಮೇಲೆ ವಿದ್ಯುತ್ತಿನ ನೆರವಿನಿಂದ ಹತ್ತಿಸಿದ ನಿಕ್ಕಲ್ಲಿನ ಪದರ. ಅದಕ್ಕೂ ಮೇಲೆ ಕ್ರೋಮಿಯಮ್ಮಿನ ಪದರ. ಕಣ್ಣು ಕೋರೈಸುವ ಈ ಕಡೆಯ ಪದರದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳೂ ಬಿರುಕುಗಳೂ ಇರುತ್ತವೆ. ಉಪ್ಪುನೀರು ಅಲ್ಲಿ ನುಗ್ಗಿ ಕೆಳಗಿನ ಲೋಹವನ್ನು ಮುಟ್ಟಿತೆಂದರೆ, ಎರಡು ಲೋಹಗಳೂ ಉಪ್ಪುನೀರೂ ಕೂಡಿ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಆಗ ಮೇಲಿನ ಲೇಪ ಉಳಿದುಕೊಂಡು, ಅದನ್ನು ಹೊತ್ತ ಉಕ್ಕೇ ಬೇಗಬೇಗನೆ ಸವೆಯುತ್ತದೆ. ಕೆಲವು ಕಾಲದ ಮೇಲೆ ಲೇಪ ಗುಳ್ಳೆಯೆದ್ದು ಸುಲಿಯತೊಡಗುತ್ತದೆ. ಮಂಜೇಶ್ವರ, ಕಾಸರಗೋಡುಗಳ ಕಡಲಂಚಿನಲ್ಲಿ ಸೈಕಲ್ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪುಗಾಳಿಗೆ ಸಿಕ್ಕಿದ ಹೊಳೆಯುವ ರಿಮ್ಮಿನ ಮೇಲೆ ಕೆಂಪು ಚುಕ್ಕೆಗಳು ಹೇಗೆ ಮೂಡುತ್ತವೆಂಬುದನ್ನು ಅವರು ಬಲ್ಲರು.

ಈ ಕೇಡನ್ನು ತಡೆಯುವ ಉಪಾಯಗಳು ಸರಳವಾದವು. ಚಳಿಗಾಲ ಕಾಲಿಡುವ ಮುನ್ನ ಚಕ್ರವನ್ನು ಸಾಬೂನು ನೀರಿನಿಂದ ತೊಳೆದು, ಸಂದುಗೊಂದುಗಳಲ್ಲಿ ಕುಳಿತ ಬ್ರೇಕಿನ ಪುಡಿಯನ್ನು ತೆಗೆದು, ಮೆತ್ತನೆಯ ಬಟ್ಟೆಯಿಂದ ಒಂದಿಷ್ಟೂ ತೇವ ಉಳಿಯದಂತೆ ಒರಸಬೇಕು. ಬಳಿಕ ಮೇಣವನ್ನು ತೆಳ್ಳಗೆ ಸವರಬೇಕು. ಚಳಿಗಾಲದುದ್ದಕ್ಕೂ ಆಗಾಗ ತೊಳೆದು ಉಪ್ಪನ್ನು ಕಳೆಯುತ್ತಿರಬೇಕು. ಆಮ್ಲ ಬೆರೆತ ದ್ರಾವಣವನ್ನಾಗಲಿ ಒರಟು ಬ್ರಷ್ಷನ್ನಾಗಲಿ ಸೋಕಿಸಬಾರದು; ಬೇಗ ಬೆಳಗುವ ಆತುರದಲ್ಲಿ ಲೇಪವೇ ಗೀರಿಹೋಗುತ್ತದೆ. ಇವೆಲ್ಲಕ್ಕಿಂತಲೂ ಜಾಣತನದ ಉಪಾಯ ಇನ್ನೊಂದಿದೆ: ಹೊಳೆಯುವ ಚಕ್ರಗಳನ್ನು ಕಳಚಿ ಒಳಗಿಟ್ಟು, ಚಳಿಗಾಲಕ್ಕೆಂದು ಸಾದಾ ಚಕ್ರಗಳನ್ನು ತೊಡಿಸುವುದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಚಳಿಗಾಲದ ಟೈರುಗಳು ಕಡ್ಡಾಯವಾಗಿರುವುದರಿಂದ, ಗಾಡಿಗೆ ಎರಡು ಜೊತೆ ಚಕ್ರಗಳನ್ನು ಇಟ್ಟುಕೊಳ್ಳುವುದು ಅಲ್ಲಿ ಅಪರೂಪವೇನಲ್ಲ. ಕಷ್ಟಕಾಲದಲ್ಲಿ ದುಡಿಯುವುದು ಹೊಳೆಯದ ಚಕ್ರ!

ಈ ಉಪಾಯಗಳಲ್ಲಿ ಒಂದು ಮಾತು ನಮ್ಮ ಪ್ರಶ್ನೆಗೆ ನೇರವಾಗಿ ಸಲ್ಲುತ್ತದೆ. ಮೇಣ ಹಚ್ಚುವ ಮುನ್ನ ತೊಳೆದು ಒಣಗಿಸಬೇಕೆಂದು ಹೇಳಿದೆವಷ್ಟೆ. ತೊಳೆಯದೆ ಉಪ್ಪಿನ ಕೊಳೆಯ ಮೇಲೆಯೇ ಮೇಣ ಹಚ್ಚಿದರೆ ಚಕ್ರವೇನೋ ಆ ಕ್ಷಣಕ್ಕೆ ಮಿನುಗುತ್ತದೆ. ಆದರೆ ಉಪ್ಪು ಒಳಗೇ ಸೆರೆಯಾಗಿ ತನ್ನ ಕೆಲಸವನ್ನು ನಡೆಸುತ್ತಿರುತ್ತದೆ. ಮೇಣ ಎರಡು ಸಲವೂ ಅದೇ ಮೇಣ, ಹಚ್ಚುವ ಕೈಯೂ ಅದೇ ಕೈ. ಒಂದು ಸಲ ಲೇಪವು ಕಾಯುತ್ತದೆ, ಇನ್ನೊಂದು ಸಲ ಮುಚ್ಚುತ್ತದೆ. ಲೇಪಕ್ಕೆ ಈ ಎರಡು ಧರ್ಮಗಳಿವೆ. ಶಾಲೆಯ ಗೋಡೆಗೆ ಬಳಿಯುವ ಸುಣ್ಣವನ್ನೇ ನೋಡಿರಿ. ಬಿರುಕನ್ನು ಗಾರೆಯಿಂದ ತುಂಬಿ ಬಳಿದ ಸುಣ್ಣ ಗೋಡೆಯನ್ನು ಕಾಯುತ್ತದೆ. ತನಿಖಾಧಿಕಾರಿಗಳು ಬರುವರೆಂದು ಬಿರುಕಿನ ಮೇಲೆಯೇ ಬಳಿದ ಸುಣ್ಣ ಅದನ್ನು ಮುಚ್ಚುತ್ತದೆ. ಗಾದೆ ಹಳಿದದ್ದು ಹೊಳಪನ್ನಲ್ಲ, ಹುಳುಕಿಗೆ ಹೊದಿಸಿದ ಹೊಳಪನ್ನು. ಗಂಟೆಯನ್ನು ಬೆಳಗಿರೆಂಬ ಮಾತಿಗೂ ಗಾದೆಗೂ ಇರುವಂತೆ ತೋರಿದ ವಿರೋಧ ಇಲ್ಲಿಗೆ ಪರಿಹಾರವಾಗುತ್ತದೆ.

ಮುಚ್ಚುವ ಲೇಪದ ಫಲವೇನೆಂಬುದಕ್ಕೆ ಕೆನಡಾದ ಆಂಟೇರಿಯೋ ಪ್ರಾಂತದ ಎಲಿಯಟ್ ಲೇಕ್ ಎಂಬ ಚಿಕ್ಕ ಪಟ್ಟಣದಲ್ಲಿ ನಡೆದ ದುರಂತವೇ ಸಾಕ್ಷಿ. ಅಲ್ಲಿ 1980ರಲ್ಲಿ ಒಂದು ದೊಡ್ಡ ಅಂಗಡಿಸಂಕೀರ್ಣ ತೆರೆಯಿತು. ಅದರ ಮಾಳಿಗೆಯೇ ಗಾಡಿಗಳ ನಿಲ್ದಾಣ. ಮಾಳಿಗೆ ಮೊದಲಿನಿಂದಲೂ ಸೋರುತ್ತಿತ್ತು. ಗಾಡಿಗಳ ಜೊತೆಯಲ್ಲಿ ಬಂದ ಉಪ್ಪುಬೆರೆತ ಹಿಮದ ನೀರು ಮೂವತ್ತು ವರ್ಷಗಳಿಗೂ ಮೀರಿ ಕೆಳಗಿನ ಉಕ್ಕಿನ ತೊಲೆಗಳಿಗೆ ಇಳಿಯಿತು. ಸೋರುವಲ್ಲಿ ಬಕೆಟ್ಟುಗಳನ್ನಿಟ್ಟರು, ತೇಪೆ ಹಾಕಿದರು, ಮಾಲಿಕರು ಬದಲಾದರು, ಸೋರುವುದು ಬದಲಾಗಲಿಲ್ಲ. ಕಟ್ಟಡ ಭದ್ರವಾಗಿದೆಯೆಂಬ ತಜ್ಞರ ವರದಿ ಬಂದು ಕೆಲವೇ ವಾರಗಳಾಗಿದ್ದವು. 2012ರ ಜೂನ್ 23ರಂದು ಮಾಳಿಗೆಯ ಒಂದು ಭಾಗ ಕುಸಿದು ಇಬ್ಬರು ಮಹಿಳೆಯರು ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಪಾಲ್ ಬೆಲಾಂಜೆ ಅವರ ಆಯೋಗವು 2014ರಲ್ಲಿ ಕೊಟ್ಟ ವರದಿಯ ಸಾರ ಇದು: ಕಟ್ಟಡವನ್ನು ಉರುಳಿಸಿದ್ದು ತುಕ್ಕೇ ಆದರೂ, ನಿಜವಾಗಿ ಸೋತದ್ದು ಲೋಹವಲ್ಲ, ಮನುಷ್ಯರು. ಆ ಮೂವತ್ತು ವರ್ಷಗಳಲ್ಲಿ ಆ ಮಾಳಿಗೆಯ ಮೇಲೆ ನಿಂತ ಗಾಡಿಗಳನ್ನು ಅವುಗಳ ಒಡೆಯರು ಎಷ್ಟು ಸಲ ತೊಳೆದಿರಲಾರರು! ತೊಲೆಗೆ ಒಡೆಯರಿದ್ದರು, ಆದರೆ ಅದನ್ನು ತನ್ನದೆಂದು ಬಗೆದು ತೊಳೆದು ಒರಸುವವರು ಇರಲಿಲ್ಲ.

ಇಲ್ಲಿಂದ ಮುಂದಿನ ಪ್ರಶ್ನೆ ಏಳುತ್ತದೆ. ನಾವು ತೊಳೆದು ಕಳೆದ ಉಪ್ಪು ಎಲ್ಲಿಗೆ ಹೋಗುತ್ತದೆ? ಚಕ್ರದಿಂದ ಮೋರಿಗೆ, ಮೋರಿಯಿಂದ ಹೊಳೆಗೆ, ಕೆರೆಗೆ, ನೆಲದೊಳಗಿನ ನೀರಿಗೆ. ಕೊಳೆತು ಮಣ್ಣಾಗುವ ಎಲೆಯಂತೆ ಕ್ಲೋರೈಡು ಕರಗಿ ಇಲ್ಲವಾಗದು. ಒಂದು ಚಹಾ ಚಮಚದಷ್ಟು ಉಪ್ಪು ಸುಮಾರು 19 ಲೀಟರು ಸಿಹಿನೀರನ್ನು ಜಲಚರಗಳಿಗೆ ಒಗ್ಗದಂತೆ ಕೆಡಿಸಬಲ್ಲುದೆಂದು ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಮಾಲಿನ್ಯ ನಿಯಂತ್ರಣ ಇಲಾಖೆ ಜನರಿಗೆ ತಿಳಿಯಹೇಳುತ್ತಿದೆ. ಅಗತ್ಯಕ್ಕಿಂತ ಹೆಚ್ಚು ಉಪ್ಪು ಸುರಿಯುವುದೇಕೆಂದರೆ, ಅನೇಕ ಕಡೆ ಅದಕ್ಕೆ ಕಾರಣ ಭಯ. ಯಾರಾದರೂ ಜಾರಿ ಬಿದ್ದು ದಾವೆ ಹೂಡಿಯಾರೆಂದು ಗುತ್ತಿಗೆದಾರರು ಕೈಬಿಚ್ಚಿ ಎರಚುತ್ತಾರೆ. ಇದನ್ನು ಮನಗಂಡ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನವು 2013ರಲ್ಲಿ ಒಂದು ಶಾಸನ ಮಾಡಿ, ಮಿತವಾಗಿ ಉಪ್ಪು ಬಳಸುವ ತರಬೇತಿ ಪಡೆದು ಆ ಕ್ರಮದಂತೆ ನಡೆಯುವ ಗುತ್ತಿಗೆದಾರರಿಗೆ ಇಂತಹ ದಾವೆಗಳಿಂದ ರಕ್ಷಣೆ ಕೊಟ್ಟಿತು. ಉಪ್ಪನ್ನು ಮೊದಲು ರಸ್ತೆಗೆ ಹಾಕಿ ನೋಡಿದ ಸಂಸ್ಥಾನವೇ ಅದರ ಮಿತಿಯನ್ನೂ ಕಲಿಸಹೊರಟಿತು. ಅಡುಗೆಗೆ ಉಪ್ಪು ಹಾಕುವ ತಾಯಿಗೆ ತಿಳಿದಿರುವ ಹದ, ರಸ್ತೆಗೆ ಉಪ್ಪು ಹಾಕುವವನಿಗೂ ಬೇಕು.

ಈಗ ಈ ವಿಚಾರದ ಅತ್ಯಂತ ನೋವಿನ ಅಧ್ಯಾಯಕ್ಕೆ ಬರೋಣ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿರುವ ಫ್ಲಿಂಟ್ ನಗರವು 1908ರಲ್ಲಿ ಜನರಲ್ ಮೋಟಾರ್ಸ್ ಕಂಪನಿ ಹುಟ್ಟಿದ ಊರು. ಅದು ಡೆಟ್ರಾಯ್ಟ್ ನಗರದ ಮೂಲಕ ಹ್ಯೂರಾನ್ ಸರೋವರದ ನೀರನ್ನು ಕೊಳ್ಳುತ್ತಿತ್ತು. ಹಣದ ಮುಗ್ಗಟ್ಟಿನ ದಿನಗಳಲ್ಲಿ, 2014ರ ಏಪ್ರಿಲಿನಲ್ಲಿ, ಆ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಊರಿಗೆ ಹರಿಸಿದರು. ನದಿಯ ನೀರಿನಲ್ಲಿ ಸರೋವರದ ನೀರಿಗಿಂತ ಕ್ಲೋರೈಡು ಬಹಳ ಹೆಚ್ಚು. ರಸ್ತೆಗಳಿಂದ ಹರಿದುಬಂದ ಉಪ್ಪೂ ಅದರಲ್ಲಿ ಸೇರಿತ್ತು, ನೀರನ್ನು ತಿಳಿಗೊಳಿಸಲು ಬೆರೆಸಿದ ರಾಸಾಯನಿಕವೂ ಅದನ್ನು ಹೆಚ್ಚಿಸಿತು. ಕೆಲವೇ ತಿಂಗಳುಗಳಲ್ಲಿ, ಆ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಯಂತ್ರಭಾಗಗಳು ತುಕ್ಕು ಹಿಡಿಯುತ್ತಿರುವುದು ಕಂಡುಬಂತು. 2014ರ ಅಕ್ಟೋಬರಿನಲ್ಲಿ ಕಾರ್ಖಾನೆಗೆ ಬೇರೆಡೆಯಿಂದ ಸರೋವರದ ನೀರು ದೊರೆಯುವಂತೆ ಏರ್ಪಾಡಾಯಿತು. ಉಕ್ಕು ಉಳಿಯಿತು. ಆದರೆ ಊರಿನ ಸುಮಾರು ಒಂದು ಲಕ್ಷ ಜನರಿಗೆ ನದಿಯ ನೀರೇ ಇನ್ನೂ ಒಂದು ವರ್ಷ ಹರಿಯಿತು. ನೀರಿನ ಬಣ್ಣ, ವಾಸನೆಗಳ ಬಗ್ಗೆ ತಾಯಂದಿರು ದೂರಿದಾಗಲೆಲ್ಲ, ಕುಡಿಯಲು ಯೋಗ್ಯವೆಂಬ ಭರವಸೆಯೇ ಉತ್ತರವಾಗಿ ಬಂತು.

ಅಲ್ಲಿ ಕೆಟ್ಟದ್ದು ಏನು? ಅದೂ ಒಂದು ಲೇಪದ ಕಥೆಯೇ. ಹಳೆಯ ಊರುಗಳ ನೆಲದಡಿಯಲ್ಲಿ ಸೀಸದ ಕೊಳವೆಗಳಿರುತ್ತವೆ. ಮೊದಲು ಬರುತ್ತಿದ್ದ ನೀರಿಗೆ ಫಾಸ್ಫೇಟ್ ಎಂಬ ಲವಣವನ್ನು ಸ್ವಲ್ಪ ಬೆರೆಸುತ್ತಿದ್ದರು. ಅದು ಕೊಳವೆಯ ಒಳಮೈಗೆ ತೆಳ್ಳನೆಯ ಪದರವಾಗಿ ಹತ್ತಿ, ಸೀಸವು ನೀರಿಗೆ ಸೇರದಂತೆ ತಡೆಯುತ್ತಿತ್ತು. ನದಿಯ ನೀರಿಗೆ ಅದನ್ನು ಬೆರೆಸಲಿಲ್ಲ. ಪದರ ಸವೆಯಿತು, ಸೀಸ ನೀರಿಗಿಳಿಯಿತು, ನೀರು ಮಕ್ಕಳ ಹೊಟ್ಟೆ ಸೇರಿತು. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ವಿಷ. ಇಷ್ಟು ಪ್ರಮಾಣದವರೆಗೆ ಬಾಧೆಯಿಲ್ಲವೆಂದು ಹೇಳಬಹುದಾದ ಮಿತಿಯೇ ಅದಕ್ಕಿಲ್ಲ. 2015ರ ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ ಅತೀಶಾ ಅವರು, ಊರಿನ ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಲೆಕ್ಕಸಹಿತ ಜನರ ಮುಂದಿಟ್ಟರು. ಮೊದಲು ಅಧಿಕಾರಿಗಳು ಅವರ ಲೆಕ್ಕವನ್ನೇ ಅಲ್ಲಗಳೆದರು, ಬಳಿಕ ಒಪ್ಪಿದರು. ಅಕ್ಟೋಬರ್ 16ರಂದು ಹಳೆಯ ನೀರು ಮರಳಿ ಬಂತು. ಮಕ್ಕಳು ಆ ಮೊದಲೇ ಕುಡಿದ ನೀರನ್ನು ಹಿಂದಕ್ಕೆ ಪಡೆಯುವ ಉಪಾಯ ಯಾರಲ್ಲಿಯೂ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಕೇಳಬೇಕಾದುದು ನ್ಯಾಯ. ಕಾರ್ಖಾನೆಯವರು ತಮ್ಮ ಲೋಹವನ್ನು ಕಾಯ್ದುಕೊಂಡದ್ದು ತಪ್ಪೇ? ತನ್ನ ಅಂಗಳವನ್ನು ಗುಡಿಸುವವನು ಊರನ್ನೆಲ್ಲ ಗುಡಿಸಬೇಕೆಂದು ವಿಧಿಸಲಾದೀತೇ? ತಪ್ಪಲ್ಲ, ವಿಧಿಸಲಾಗದು. ಮೇಲಾಗಿ, ಕಾರ್ಖಾನೆ ನೀರನ್ನು ಬದಲಿಸಿದ ಸಂಗತಿ ಗುಟ್ಟಾಗಿಯೂ ಇರಲಿಲ್ಲ, ಪತ್ರಿಕೆಯಲ್ಲಿಯೂ ಬಂದಿತ್ತು. ನೀರಿನ ಹೊಣೆ ಹೊತ್ತವರ ಮೇಜಿನ ಮೇಲೆ ಅದು ಒಂದು ಎಚ್ಚರಿಕೆಯಾಗಿ ಬೀಳಬೇಕಿತ್ತು. ಉಕ್ಕನ್ನು ತಿನ್ನುವ ನೀರು ಕೊಳವೆಯನ್ನು ಬಿಟ್ಟೀತೇ, ಕೊಳವೆಯನ್ನು ತಿಂದ ನೀರು ಕೂಸನ್ನು ಬಿಟ್ಟೀತೇ ಎಂಬ ಪ್ರಶ್ನೆ ಅಲ್ಲಿ ಏಳಬೇಕಿತ್ತು. ಲೋಹದ ಮೇಲಿನ ಕಲೆಯನ್ನು ಓದುವ ವಿದ್ಯೆ ಇತ್ತು, ಓದಿದ್ದೂ ಆಯಿತು, ಆದರೆ ಅದರ ಅರ್ಥ ಲೋಹಕ್ಕೆ ಮಾತ್ರ ಸಂದಿತು. ಆದುದರಿಂದ, ತನ್ನದನ್ನು ಕಾಯ್ದುಕೊಳ್ಳುವುದು ಎಂದಿಗೂ ದೋಷವಲ್ಲ. ಕಾಯುವಾಗ ದೊರೆತ ತಿಳಿವನ್ನು ತನ್ನ ಬೇಲಿಯೊಳಗೇ ನಿಲ್ಲಿಸುವುದು ದೋಷ. ಅದು ಬೇಲಿಯಾಚೆ ಬಂದಾಗ, ಕೇಳಬೇಕಾದವರು ಕೇಳದಿರುವುದು ಅದಕ್ಕಿಂತಲೂ ದೊಡ್ಡ ದೋಷ. ಊರನ್ನೆಲ್ಲ ಗುಡಿಸುವುದು ಒಬ್ಬನಿಂದಾಗದು, ನಿಜ. ಆದರೆ ಬಾವಿಯಲ್ಲಿ ಹಾವು ಕಂಡವನು ಕೂಗಿ ಹೇಳುವುದು ಒಬ್ಬನಿಂದಲೇ ಆಗುವ ಕೆಲಸ.

ಈ ಹೊಣೆಯ ಎಲ್ಲೆಯನ್ನು ಇನ್ನೂ ಹಿಂದಕ್ಕೆ ಒಯ್ಯಬಹುದು. ಚಕ್ರಕ್ಕೆ ಹೊಳಪು ಕೊಡುವ ಕ್ರೋಮ್ ಲೇಪವನ್ನು ಬಹುಕಾಲದಿಂದ ಷಡ್ವೇಲೆನ್ಸಿಯ ಕ್ರೋಮಿಯಮ್ಮಿನ ದ್ರಾವಣದ ತೊಟ್ಟಿಗಳಲ್ಲಿ ಹಾಕುತ್ತ ಬಂದಿದ್ದಾರೆ. ಚಕ್ರದ ಮೇಲೆ ಕುಳಿತ ಲೋಹ ನಿರಪಾಯಕಾರಿ. ಆದರೆ ತೊಟ್ಟಿಯಿಂದ ಏಳುವ ಹನಿಮಂಜು ಉಸಿರಿನೊಡನೆ ಒಳಸೇರಿದರೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲುದು. ಆದುದರಿಂದಲೇ ಕ್ಯಾಲಿಫೋರ್ನಿಯ ಸಂಸ್ಥಾನವು, ಅಲಂಕಾರದ ಲೇಪಕ್ಕೆ ಈ ದ್ರಾವಣವನ್ನು ಬಳಸುವುದನ್ನು 2027ರಿಂದ ಹಂತಹಂತವಾಗಿ ನಿಲ್ಲಿಸಬೇಕೆಂದು 2023ರಲ್ಲಿ ನಿಯಮ ಮಾಡಿತು. ಅದಕ್ಕೆ ಬದಲಾಗಿ ಅಷ್ಟು ವಿಷವಲ್ಲದ ತ್ರಿವೇಲೆನ್ಸಿಯ ಕ್ರೋಮಿಯಮ್ಮಿನಿಂದ ಲೇಪಿಸುವ ಕ್ರಮವೂ ಬಳಕೆಯಲ್ಲಿದೆ. ಚಕ್ರವನ್ನು ಒರಸುವ ಕೈ, ಅದನ್ನು ತೊಟ್ಟಿಯಲ್ಲಿ ಅದ್ದಿದ ಕೈಯನ್ನು ಒಮ್ಮೆ ನೆನೆಯುವುದು ಧರ್ಮ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂದು ಕಲಿತ ನಾವು ಹೊಳಪು ಕೊಟ್ಟವರನ್ನು ನೆನೆಯದಿದ್ದರೆ ಹೇಗೆ?

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೊಳಪನ್ನು ಕಾಯುವ ಶ್ರಮ ಗುಣವೇ. ಅದರಲ್ಲಿ ನಿತ್ಯದ ಎಚ್ಚರವಿದೆ, ತಾಳ್ಮೆಯಿದೆ, ಸಣ್ಣ ಕಲೆಯನ್ನೂ ಕಡೆಗಣಿಸದ ಕಣ್ಣಿದೆ. ಆದರೆ ಆ ಗುಣದ ನಿಜವಾದ ಪರೀಕ್ಷೆ ಹೊಳೆಯುವ ವಸ್ತುವಿನ ಮುಂದೆ ನಡೆಯುವುದಿಲ್ಲ. ಕ್ರೋಮ್ ಹೊಳೆಯುತ್ತದೆ, ಅದಕ್ಕೆ ಕಾವಲುಗಾರರು ತಾವಾಗಿ ದೊರೆಯುತ್ತಾರೆ. ಕೊಳವೆಯ ಒಳಗಿನ ಪದರ ಹೊಳೆಯುವುದಿಲ್ಲ. ಮಾಳಿಗೆಯಡಿಯ ತೊಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಆರೋಗ್ಯ, ಊರಿನ ನೀರು, ಸಾರ್ವಜನಿಕ ಕಟ್ಟಡದ ಭದ್ರತೆ ಇವೆಲ್ಲವೂ ಇಂತಹ ಹೊಳೆಯದ ಲೇಪಗಳ ಆಸರೆಯಲ್ಲಿ ನಿಂತಿವೆ. ಅವು ಇರುವ ತನಕ ಯಾರೂ ಹೊಗಳುವುದಿಲ್ಲ. ಅಳಿದ ಮೇಲೆ ಮಾತ್ರ ಅವು ಇದ್ದುವೆಂದು ತಿಳಿಯುತ್ತದೆ.

ನಮ್ಮ ವೃತ್ತಿಬಾಂಧವರಲ್ಲಿ ಒಂದು ಸೂಚನೆ. ತುಕ್ಕಿನ ಪಾಠದ ದಿನ ನಾವು ಎರಡು ಗಾಜಿನ ಲೋಟಗಳಲ್ಲಿ ಸಿಹಿನೀರನ್ನೂ ಉಪ್ಪುನೀರನ್ನೂ ಇಟ್ಟು, ಒಂದೊಂದು ಕಬ್ಬಿಣದ ಮೊಳೆಯನ್ನು ಹಾಕಿ, ದಿನದಿನವೂ ಮಕ್ಕಳಿಗೆ ತೋರಿಸುತ್ತೇವೆ. ಉಪ್ಪುನೀರಿನ ಮೊಳೆ ಬೇಗ ಕೆಡುವುದನ್ನು ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಪಾಠ ಮುಗಿಯಿತೆಂದು ಲೋಟಗಳನ್ನು ತೊಳೆದಿಡುತ್ತೇವೆ. ಇನ್ನು ಮುಂದೆ, ಲೋಟದ ನೀರನ್ನು ಚೆಲ್ಲುವ ಮುನ್ನ, ಇನ್ನೊಂದು ಪ್ರಶ್ನೆಯನ್ನು ಕೇಳೋಣ: "ಈ ನೀರನ್ನು ಎಲ್ಲಿ ಚೆಲ್ಲೋಣ? ಅಲ್ಲಿಂದ ಅದು ಎಲ್ಲಿಗೆ ಹೋಗುತ್ತದೆ? ಅದನ್ನು ಯಾರು ಕುಡಿಯುತ್ತಾರೆ?" ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅಂಕಗಳಿಲ್ಲ. ಆದರೆ ಇದನ್ನು ಕೇಳುತ್ತ ಬೆಳೆದ ಹುಡುಗನೋ ಹುಡುಗಿಯೋ ಮುಂದೊಂದು ದಿನ ಯಾವುದೋ ಊರಿನ ನೀರಿನ ಕಚೇರಿಯಲ್ಲಿ ಕುಳಿತಿರಬಹುದು; ಎಲ್ಲಿಯೋ ಒಂದು ಯಂತ್ರಕ್ಕೆ ತುಕ್ಕು ಹಿಡಿದ ಸುದ್ದಿ ಅವರ ಮೇಜಿಗೆ ಬರಬಹುದು. ಆಗ ಅವರು ಕಾಗದವನ್ನು ಮಡಿಸಿಡದೆ ಎದ್ದುಹೋಗಿ ನಲ್ಲಿಯ ನೀರನ್ನು ನೋಡುವಂತಾದರೆ, ನಮ್ಮ ಲೋಟದ ಮೊಳೆ ಕೆಟ್ಟದ್ದು ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯಬಹುದು.